ರಿಸೀವರ್ ಹುಡುಗನ ಕಾಲು ನೋಡ್ರಿ ಮೊದ್ಲ

ಪ್ರಶ್ನೆ: ನಮಸ್ಕಾರ್ರೀ ಸರ್. ನಮ್ಮ ಅಣ್ಣನ ಮಗ ಟೆಕ್ಸಾಸ್‌ನ್ಯಾಗ ಎಂ.ಎಸ್ ಓದಾಕತ್ತಾನ, ಅವನಿಂದ ನನಗೂ ಅಮೆರಿಕನ್ ಕಾಲೇಜ್ ಫುಟ್‌ಬಾಲ್ (ಕೈಯಾಗ ಬಾಲ್ ಹಿಡದು ಓಡೋ ಆಟ) ನೋಡೋ ಚಟ ಹತ್ತೇತಿ. ಅವರ ಕಾಲೇಜಿನ ವೈಡ್ ರಿಸೀವರ್ (ಒಗದ ಬಾಲ್ ಓಡಿ ಹಿಡ್ಯಾವ) ಒಬ್ಬಾವ ಈ ಸೀಸನ್‌ನ್ಯಾಗ ತೊಂಬತ್ತರ ಮ್ಯಾಲೆ ಕ್ಯಾಚ್ ಹಿಡದಾನ, ಸಾವಿರ ಯಾರ್ಡ್ ದಾಟ್ಯಾನ, ಓಟಾನೂ ಜೋರ ಐತಿ. ಎನ್‌ಎಫ್‌ಎಲ್ ಅನ್ನೋ ಅಲ್ಲಿನ ಪ್ರೋ ಲೀಗಿನ ಡ್ರಾಫ್ಟ್‌ನ್ಯಾಗ (ಟೀಮುಗಳು ಸರದಿ ಮ್ಯಾಲೆ ಕಾಲೇಜ್ ಹುಡುಗರನ್ನ ಆರಿಸ್ಕೊಳ್ಳೋದು) ಮೊದಲನೇ ರೌಂಡಿಗೇ ಹೋಗ್ತಾನ ಅಂತ ನಮ್ಮ ಹುಡುಗ ಅಂತಾನ, ಅವನ ರೂಮ್‌ಮೇಟ್ ನೋಡಿದ್ರ ಇವ ಪ್ರೋದಾಗ ನಡ್ಯಂಗಿಲ್ಲ ಅಂತಾನಂತ. ಮನ್ಯಾಗ ಕುಂತ ನೋಡೋ ನಾವು ಇದನ್ನ ಹೆಂಗ ಅಳೀಬೇಕ್ರಿ?
– ಓದುಗರೊಬ್ಬರು, ಜಮಖಂಡಿ

ಉತ್ತರ: ತೊಂಬತ್ತು ಕ್ಯಾಚ್ ಅನ್ನೋದನ್ನ ಸದ್ಯಕ್ಕ ಬದಿಗಿಡ್ರಿ, ಅವು ಹೆಂಗ ಬಂದ್ವು ಅನ್ನೋದು ಮೊದ್ಲ ನೋಡೂಣು. ಕಾಲೇಜಿನ್ಯಾಗ ಭಾಳ ಟೀಮ್ ಸ್ಕ್ರೀನ್ ಪಾಸ್ ಮ್ಯಾಲೆ ಆಡ್ತಾವ, ಅಂದ್ರ ಬಾಲ್ ಒಗ್ಯೋ ಕ್ವಾರ್ಟರ್‌ಬ್ಯಾಕ್, ಬಾಲ್ ಕೈಗೆ ಬಂದ ಕೂಡ್ಲೇ ಬದಿಗೆ ನಿಂತಾವನ ಕಡೆ ಒಗೀತಾನ, ರಿಸೀವರ್ ಯಾರನ್ನೂ ತಪ್ಪಿಸಿರಂಗಿಲ್ಲ, ನಿಂತಲ್ಲೇ ಹಿಡದು ಮುಂದ ಓಡ್ತಾನ, ಅದೂ ಲೆಕ್ಕದಾಗ ಒಂದು ಕ್ಯಾಚೇ. ಪ್ರತಿ ಸಲ ಆಟ ಶುರುವಾಗೋದು ಮೈದಾನದ ನಡುವಿನ ಎರಡು ಸಾಲು ಹ್ಯಾಶ್ ಗೆರಿಗಳ ಮ್ಯಾಲೆ ಇಲ್ಲಾ ಅವುಗಳ ನಡುವ, ಆ ಸಾಲುಗಳ ಅಂತರಾನೂ ಕಾಲೇಜಿನ್ಯಾಗ 40 ಅಡಿ, ಎನ್‌ಎಫ್‌ಎಲ್‌ನ್ಯಾಗ ಬರೇ 18 ಅಡಿ 6 ಇಂಚು. ಹಿಂಗಾಗಿ ಕಾಲೇಜಿನ್ಯಾಗ ಬಾಲ್ ಒಂದು ಹ್ಯಾಶ್ ಮ್ಯಾಲಿದ್ರ ಆಚೀ ಬಾಜೂ ದೊಡ್ಡ ಬಯಲ ಸಿಕ್ಕಂಗ ಆಕ್ಕೈತಿ, ಆ ಜಾಗ ಪ್ರೋದಾಗ ಯಾರೂ ಬಿಟ್ಟುಕೊಡಂಗಿಲ್ಲ.

ಓಟದ ಮಾತಿಗೆ 2017ರ ಡ್ರಾಫ್ಟ್ ಒಂದ ಸಾಕ್ರಿ. ಇಂಡಿಯಾನಾಪೊಲಿಸ್‌ನ್ಯಾಗ ನಡ್ಯೋ ಕಂಬೈನ್ ಅನ್ನೋ ಡ್ರಾಫ್ಟ್ ಮುಂಚಿನ ಪರೀಕ್ಷಾದಾಗ 40 ಯಾರ್ಡ್ ಓಡಸ್ತಾರಲ್ಲ, ಅಲ್ಲಿ ವಾಷಿಂಗ್ಟನ್ ಯೂನಿವರ್ಸಿಟಿಯ ಜಾನ್ ರಾಸ್ 4.22 ಸೆಕೆಂಡ್‌ನ್ಯಾಗ ಓಡಿ ಆಗಿನ ದಾಖಲೆ ಮಾಡಿದ, ಸಿನ್ಸಿನಾಟಿ ಬೆಂಗಾಲ್ಸ್ ಅವನ್ನ ಒಂಬತ್ತನೇ ನಂಬರಿಗೇ ಆರಿಸಿಕೊಂಡ್ರು. ಅದ ವರ್ಷ ಈಸ್ಟರ್ನ್ ವಾಷಿಂಗ್ಟನ್ ಅನ್ನೋ ಸಣ್ಣ ಕಾಲೇಜ್ ಟೀಮಿನ ಕೂಪರ್ ಕಪ್ 4.62 ಓಡಿದ, ಅವ ಮೂರನೇ ರೌಂಡಿನ್ಯಾಗ 69ನೇ ನಂಬರಿಗೆ ರಾಮ್ಸ್ ಟೀಮಿಗೆ ಹೋದ. ರಾಸ್‌ಗ ಗಾಯಾನೂ ಆದ್ವು ಖರೆ, ಆದ್ರ ಒಂದ ಸೀಸನ್‌ನ್ಯಾಗೂ ಸಾವಿರ ಯಾರ್ಡ್ ಮುಟ್ಟಲಿಲ್ಲ. ಕಪ್ 2021ರಾಗ 145 ಕ್ಯಾಚ್, 1,947 ಯಾರ್ಡ್, 16 ಟಚ್‌ಡೌನ್ ಮಾಡಿ ಮೂರರಾಗೂ ಇಡೀ ಲೀಗಿಗೇ ಮೊದಲನೇದಾವ ಆದ, ಸೂಪರ್ ಬೌಲ್ ಅನ್ನೋ ಫೈನಲ್ ಮ್ಯಾಚಿನ ಎಂವಿಪಿನೂ (ಬೆಸ್ಟ್ ಆಟಗಾರ) ಆದ. ಓಟ ಬ್ಯಾಡ ಅಂತಲ್ರಿ, ಎಷ್ಟ ಓಡಿದ್ರೂ ಓಪನ್ ಆಗೂದು (ಡಿಫೆಂಡರ್‌ನ ತಪ್ಪಿಸಿ ಖಾಲಿ ಜಾಗಕ್ಕ ಬರೋದು) ಬ್ಯಾರೇನ ಕಲೆ, ದುಡ್ಡು ಕೊಡೂದು ಅದಕ್ಕ.

ಅದನ್ನ ಎಲ್ಲಿ ನೋಡ್ಬೇಕು ಅಂದ್ರ ಕಾಲಾಗ. ಟಿವಿ ಕ್ಯಾಮೆರಾ ಬಾಲ್ ಹಿಂದ ಹೋಗ್ತೈತಿ, ರಿಸೀವರ್ ಚೌಕಟ್ಟಿನ ಹೊರಗೇ ಉಳೀತಾನ, ಅದಕ್ಕ ರಿಪ್ಲೇ ಬಂದಾಗ ಕಣ್ಣ ಮಿಟುಕಿಸಬ್ಯಾಡ್ರಿ. ರಿಸೀವರ್‌ನ ಕಾಯೋ ಕಾರ್ನರ್‌ಬ್ಯಾಕ್ ಮುಖಕ್ಕ ಮುಖ ಕೊಟ್ಟು ನಿಂತಾಗ ಮೊದಲ ಎರಡು ಹೆಜ್ಜಿಗೆ ಇವ ಏನ್ ಮಾಡ್ತಾನ ನೋಡ್ರಿ. ನಮ್ಮ ಕಡೆ ಛಲೋ ಕಬಡ್ಡಿ ರೈಡರ್ ಹೆಂಗ ಭುಜ ಒಂದ ಕಡೆ ತೋರ್ಸಿ ಕಾಲು ಇನ್ನೊಂದ ಕಡೆ ಹಾಕ್ತಾನೋ, ಹಂಗ ಇವನೂ ಎದುರಿನವನ ಸೊಂಟ ತಿರುಗಿಸಬೇಕು. ಎನ್‌ಎಫ್‌ಎಲ್‌ನ್ಯಾಗ ಮೊದಲ ಐದು ಯಾರ್ಡ್ ಒಳಗ ಕೈ ಹಚ್ಚಿ ತಡ್ಯಾಕ ಪರವಾನಗಿ ಐತಿ, ಅಲ್ಲಿನ ಕಾರ್ನರ್‌ಗಳ ಕೈ ಕಬ್ಬಿಣ, ಕಾಲೇಜಿನ್ಯಾಗ ಯಾವಾಗ್ಲೂ ಎಂಟು ಯಾರ್ಡ್ ದೂರ ನಿಂತ ಡಿಫೆಂಡರ್ ಎದುರಿಗೇ ಆಡಿದ ಹುಡುಗ ಅಲ್ಲಿ ಶುರುವಿಗೇ ಸಿಕ್ಕಿಬೀಳ್ತಾನ.

ಆಮ್ಯಾಲೆ ಕಮ್‌ಬ್ಯಾಕ್ ರೂಟ್ (ರಿಸೀವರ್ ಓಡೋ ಒಂದು ದಾರಿ) ನೋಡ್ರಿ. ಹದಿನೈದು ಯಾರ್ಡ್ ತನಕ ಪೂರಾ ಜೋರಿನ್ಯಾಗ ಓಡ್ಬೇಕು, ಡಿಫೆಂಡರ್‌ಗ ಇವ ಹಿಂದ ದಾಟಿ ಹೋಗ್ತಾನ ಅಂತ ಅನ್ನಸ್ಬೇಕು, ಅಲ್ಲಿಂದ ಸೊಂಟ ಕೆಳಗ ಇಳಿಸಿ ಎರಡು ಮೂರು ಹೆಜ್ಜಿನ್ಯಾಗ ನಿಂತು ಸೈಡ್‌ಲೈನ್ ಕಡೆ ತಿರಗಿ ಬಾಲ್‌ಗೆ ಎದುರಾಗಿ ಬರ್ಬೇಕು. ಹೊಸಾ ಹುಡುಗ ತಿರುಗೂಕಿಂತ ಮೊದ್ಲ ಎದಿ ಎತ್ತಿ ಸಣ್ಣ ಸಣ್ಣ ಹೆಜ್ಜಿ ಕುಟ್ಟಾಕ ಶುರು ಮಾಡ್ತಾನ, ಅಷ್ಟ ಸಾಕು, ಕಾರ್ನರ್‌ಗ ಗೊತ್ತಾಗಿಹೋತು. ಹಿಡ್ಯೂ ಜಾಗಾನೂ ನೋಡ್ರಿ, ಕಾಲೇಜಿನ್ಯಾಗ ಒಂದು ಕಾಲು ಗೆರಿ ಒಳಗ ಊರಿದ್ರ ಕ್ಯಾಚ್, ಪ್ರೋದಾಗ ಎರಡೂ ಕಾಲು ಬೇಕು. ಒಂದ ಕಾಲು ಸಾಕು ಅನ್ನೋ ಕಾಲೇಜಿನ್ಯಾಗೂ ಎರಡನೇ ಕಾಲು ಎಳಕೊಂಡು ಒಳಗ ಊರೋ ಹುಡುಗ ಇದ್ರ ಅವನ ಹೆಸರು ಬರದಿಟ್ಕೋರಿ, ಅವ ಪ್ರೋಗೆ ಈಗಿಂದ್ಲೇ ತಯಾರಿ ಮಾಡಾಕತ್ತಾನ, ನನಗಂತೂ ಅಂಥಾ ಹುಡುಗರನ್ನ ಕಂಡ್ರ ಭಾಳ ಪ್ರೀತಿ.

ಕಾಲೇಜು ಸಣ್ಣದೋ ದೊಡ್ಡದೋ ಅಂತ ತಲಿ ಕೆಡಿಸ್ಕೋಬ್ಯಾಡ್ರಿ. ಜೆರ್ರಿ ರೈಸ್ ಬಂದದ್ದು ಮಿಸಿಸಿಪ್ಪಿ ವ್ಯಾಲಿ ಸ್ಟೇಟ್‌ನಿಂದ, 1985ರಾಗ 16ನೇ ನಂಬರು, ಅವನ 22,895 ಯಾರ್ಡ್ ಇನ್ನೂ ಯಾರೂ ಮುಟ್ಟಿಲ್ಲ. ನಿಮ್ಮ ಹುಡುಗಗ ಹೇಳ್ರಿ, ಆ ತೊಂಬತ್ತರಾಗ ಸ್ಕ್ರೀನ್ ತಗದು, ಹತ್ತು ಯಾರ್ಡ್ ಮ್ಯಾಲೆ ಗಾಳ್ಯಾಗ ಬಂದ ಬಾಲ್ ಎಷ್ಟು, ಅದರಾಗ ಮೈಮ್ಯಾಲೆ ಬಿದ್ದ ಕಾರ್ನರ್ ಇದ್ದಾಗಿಂದು ಎಷ್ಟು ಅಂತ ಎಣಸಂತ. ಆ ಲೆಕ್ಕ ಮೂವತ್ತು ದಾಟಿದ್ರ ನಾ ನಿಮ್ಮ ಹುಡುಗನ ಕಡೆ, ಹತ್ತರಾಗ ಮುಗದ್ರ ರೂಮ್‌ಮೇಟ್ ಹೇಳೂದ ಖರೆ ಅನಸ್ತೈತಿ.

ಪ್ರಶ್ನೆ: ಒಂದ ಮ್ಯಾಚಿನ್ಯಾಗ ಮೂರು ಬಾಲ್ ಕೆಡವಿದ ರಿಸೀವರ್‌ನ ಕೈಬಿಡಬೇಕೇನ್ರಿ?
– ಓದುಗರೊಬ್ಬರು, ಗೋಕಾಕ

ಉತ್ತರ: ಬ್ಯಾಡ್ರಿ. ಬೆಂಗಾಲ್ಸ್ ಟೀಮಿನ ರಿಸೀವರ್ ಜಮಾರ್ ಚೇಸ್ 2021ರ ಪ್ರೀಸೀಸನ್‌ನ್ಯಾಗ (ಸೀಸನ್ ಮುಂಚಿನ ತಾಲೀಮು ಮ್ಯಾಚ್) ಬಾಲ್ ಮ್ಯಾಲೆ ಬಾಲ್ ಕೆಡವಿದಾಗ ಎಲ್ಲಾರೂ ಬೈದ್ರು, ಅದ ಸೀಸನ್‌ನ್ಯಾಗ ಅವ 1,455 ಯಾರ್ಡ್ ಮಾಡಿ ವರ್ಷದ ಬೆಸ್ಟ್ ಅಫೆನ್ಸಿವ್ ರೂಕಿ (ಮೊದಲನೇ ವರ್ಷದ ಆಟಗಾರ) ಆದ. ಕೆಡವೂದು ಹೆಂಗ ಅಂತ ನೋಡ್ರಿ. ಓಡೋ ಅವಸರದಾಗ ಕಣ್ಣು ಮೊದ್ಲ ಮುಂದ ಹೋಗಿ ಬಾಲ್ ಜಾರಿದ್ರ ಅದು ತಿದ್ದೋ ತಪ್ಪು. ಪ್ರತಿ ಬಾಲನ್ನೂ ಎದಿಗೆ ಅಪ್ಪಿಕೊಂಡ ಹಿಡೀತಾನ, ಕೈ ಚಾಚಿ ಬೆರಳಿನ್ಯಾಗ ಹಿಡ್ಯಂಗ ಇಲ್ಲ ಅಂದ್ರ ಅದು ಕಷ್ಟ, ಯಾಕಂದ್ರ ಬಾಲ್ ಎದಿ ತನಕ ಬರೋದ್ರಾಗ ಪ್ರೋ ಡಿಫೆಂಡರ್‌ನ ಕೈ ನಡುವ ಬಂದಿರ್ತೈತಿ.