ಅಮೆರಿಕದ ಬೀದಿ ರೇಸಿಂಗ್‌ನ ಆರಂಭದ ದಿನಗಳಲ್ಲಿ ಕಪ್ಪು ಚಾಲಕರ ಪಾತ್ರವೇನು?

ಅವರ ಪಾತ್ರ ದೊಡ್ಡದು. ಆದರೆ ಅದಕ್ಕೆ ತಕ್ಕ ಮನ್ನಣೆ ಸಿಕ್ಕಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಬೀದಿಯಲ್ಲೂ ಟ್ರ್ಯಾಕ್‌ನಲ್ಲೂ ನಡೆಯುತ್ತಿದ್ದ ಡ್ರ್ಯಾಗ್ ರೇಸ್ ಎಂದರೆ ಅಕ್ಕಪಕ್ಕ ನಿಂತ ಎರಡು ಕಾರುಗಳು ನಿಂತಲ್ಲಿಂದಲೇ ಚಿಮ್ಮಿ ಸಾಮಾನ್ಯವಾಗಿ ಕಾಲು ಮೈಲಿಯನ್ನು, ಅಂದರೆ ಸುಮಾರು 402 ಮೀಟರ್ ದೂರವನ್ನು, ನೇರ ಹಾದಿಯಲ್ಲಿ ಕ್ರಮಿಸುವ ಪೈಪೋಟಿ. ವಾಷಿಂಗ್ಟನ್ ಭಾಗದ ಮಾಲ್ಕಮ್ ಡರ್ಹಮ್ 1960ರ ದಶಕದಲ್ಲಿ ‘ಸ್ಟ್ರಿಪ್ ಬ್ಲೇಜರ್’ ಹೆಸರಿನ ಷೆವರ್ಲೆ ಕಾರುಗಳಿಂದ ಅಧಿಕೃತ ಟ್ರ್ಯಾಕ್‌ಗಳಲ್ಲೇ ಹೆಸರು ಮಾಡಿದರು.

ಲಾಸ್ ಏಂಜಲಿಸ್‌ನ ಕಥೆ ಇನ್ನೂ ಆಳವಾದದ್ದು. ನಗರದ ಕಪ್ಪು ಜನರ ಬಡಾವಣೆಯಾದ ವಾಟ್ಸ್‌ನಲ್ಲಿ 1965ರಲ್ಲಿ ಭುಗಿಲೆದ್ದ ದಂಗೆಯ ಗಾಯ ಇನ್ನೂ ಹಸಿಯಾಗಿದ್ದಾಗ, ‘ಬಿಗ್ ವಿಲ್ಲಿ’ ಎಂದೇ ಪ್ರಸಿದ್ಧರಾದ ಆಜಾನುಬಾಹು ವಿಲ್ಲಿ ರಾಬಿನ್ಸನ್ ಬೀದಿ ರೇಸರ್‌ಗಳ ಸಹೋದರ ಸಂಘವನ್ನು ಕಟ್ಟಿ, ಕಪ್ಪು, ಬಿಳಿ, ಲ್ಯಾಟಿನೋ ಯುವಕರನ್ನು ಒಂದೇ ಗೆರೆಯ ಮೇಲೆ ನಿಲ್ಲಿಸಿದರು. ಅವರೂ ಪತ್ನಿ ಟೊಮಿಕೊ ಅವರೂ ಹಿಂಬದಿಯಲ್ಲಿ ಎತ್ತರದ ರೆಕ್ಕೆಯಿದ್ದ ಡಾಡ್ಜ್ ಡೇಟೋನಾ ಕಾರುಗಳನ್ನು ಓಡಿಸುತ್ತಿದ್ದರು. ಅವರ ಹಟದಿಂದಲೇ 1974ರಲ್ಲಿ ಲಾಸ್ ಏಂಜಲಿಸ್ ಬಂದರಿನ ಟರ್ಮಿನಲ್ ಐಲ್ಯಾಂಡ್‌ ದ್ವೀಪದಲ್ಲಿ ಕಾನೂನುಬದ್ಧ ಟ್ರ್ಯಾಕ್ ತೆರೆಯಿತು. ಹಲವು ಬಾರಿ ಮುಚ್ಚಿ ತೆರೆದ ಅದು 1995ರಲ್ಲಿ ಶಾಶ್ವತವಾಗಿ ಮುಚ್ಚಿತು.