ಸೋಚಿ ಒಲಿಂಪಿಕ್ಸ್‌ನ ಮಹಿಳೆಯರ ಡೌನ್‌ಹಿಲ್‌ನಲ್ಲಿ (ಹಿಮದ ಇಳಿಜಾರಿನಲ್ಲಿ ಸ್ಕೀ ಮೇಲೆ ವೇಗವಾಗಿ ಇಳಿಯುವ ಸ್ಪರ್ಧೆ) ಇಬ್ಬರಿಗೆ ಚಿನ್ನ ಕೊಟ್ಟಿದ್ದೇಕೆ? ಇನ್ನೂ ಸೂಕ್ಷ್ಮವಾಗಿ ಅಳೆಯಬಹುದಿತ್ತಲ್ಲವೇ?

ಅಳೆಯಬಹುದಿತ್ತು, ಆದರೆ ನಿಯಮ ಅದನ್ನು ಒಪ್ಪುವುದಿಲ್ಲ. ಡೌನ್‌ಹಿಲ್ ಸೇರಿದ ಆಲ್ಪೈನ್ ಸ್ಕೀಯಿಂಗ್‌ನಲ್ಲಿ ಫಲಿತಾಂಶಕ್ಕೆ ಲೆಕ್ಕವಾಗುವುದು ಸೆಕೆಂಡಿನ ನೂರನೇ ಒಂದು ಭಾಗದವರೆಗೆ ಮಾತ್ರ; ಅದರಾಚೆಯ ಅಂಕಿಯನ್ನು ಕೈಬಿಡುತ್ತಾರೆ. 2014ರ ಫೆಬ್ರವರಿ 12ರಂದು ಸ್ವಿಟ್ಜರ್ಲೆಂಡಿನ ಡೊಮಿನಿಕ್ ಗಿಸಿನ್ ಮತ್ತು ಸ್ಲೊವೇನಿಯಾದ ಟೀನಾ ಮಾಜೆ ಇಬ್ಬರೂ 1 ನಿಮಿಷ 41.57 ಸೆಕೆಂಡಿನಲ್ಲಿ ಇಳಿಜಾರು ಮುಗಿಸಿದರು. ಇಬ್ಬರಿಗೂ ಚಿನ್ನ, ಬೆಳ್ಳಿ ಯಾರಿಗೂ ಇಲ್ಲ. ಮೂರನೆಯವರಾದ ಲಾರಾ ಗುಟ್‌ಗೆ ಕಂಚು. ಒಲಿಂಪಿಕ್ಸ್ ಆಲ್ಪೈನ್ ಸ್ಕೀಯಿಂಗ್‌ನಲ್ಲಿ ಚಿನ್ನ ಹಂಚಿಕೆಯಾದದ್ದು ಅದೇ ಮೊದಲು.

ಸೆಕೆಂಡಿನ ಸಾವಿರದ ಒಂದು ಭಾಗವನ್ನು ಎಣಿಸಿದರೆ ಏನಾಗುತ್ತದೆ ನೋಡಿ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಅಷ್ಟು ಹೊತ್ತಿನಲ್ಲಿ ಸ್ಕೀಯರ್ ಸಾಗುವುದು ಮೂರು ಸೆಂಟಿಮೀಟರಿಗೂ ಕಡಿಮೆ. ಹೊರಡುವಾಗ ಮೊಣಕಾಲಿನ ಕೆಳಗೆ ಅಡ್ಡವಿರುವ ಕಡ್ಡಿಯನ್ನು ಕಾಲು ತಳ್ಳಿದೊಡನೆ ಗಡಿಯಾರ ಶುರುವಾಗುತ್ತದೆ; ಕೊನೆಯಲ್ಲಿ ಬೆಳಕಿನ ಕಿರಣವನ್ನು ದೇಹದ ಯಾವ ಭಾಗ ಮೊದಲು ಕಡಿಯುತ್ತದೋ ಅಲ್ಲಿಗೆ ನಿಲ್ಲುತ್ತದೆ. ಒಬ್ಬರದು ಮುಂಗೈ, ಇನ್ನೊಬ್ಬರದು ಕಾಲು ಆದರೂ ಮೂರು ಸೆಂಟಿಮೀಟರ್ ಹೆಚ್ಚುಕಮ್ಮಿ ಆಗಿಬಿಡುತ್ತದೆ. ಅದರ ಮೇಲೆ, ಇವರು ಓಟಗಾರರಂತೆ ಅಕ್ಕಪಕ್ಕ ಸ್ಪರ್ಧಿಸುವುದಿಲ್ಲ. ಗಿಸಿನ್ ಎಂಟನೆಯವರಾಗಿ, ಮಾಜೆ 21ನೆಯವರಾಗಿ ಇಳಿದರು. ಅಷ್ಟರಲ್ಲಿ ಗಾಳಿ ತಿರುಗಿರಬಹುದು, ಬಿಸಿಲಿಗೆ ಹಿಮ ಮೆತ್ತಗಾಗಿರಬಹುದು. ಅಂಥ ಕಡೆ ಕೂದಲು ಸೀಳಿ ಒಬ್ಬರನ್ನು ಸೋಲಿಸುವುದಕ್ಕಿಂತ ಎರಡು ಪದಕ ಕೊಡುವುದೇ ನನ್ನ ಮಟ್ಟಿಗೆ ನ್ಯಾಯ. ಮಂಜುಗಡ್ಡೆಯ ಕಾಲುವೆಯಲ್ಲಿ ಜಾರುವ ಲೂಜ್ ಆಟದಲ್ಲಾದರೆ ಸಾವಿರದ ಭಾಗವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ; ಅಲ್ಲಿ ದಾರಿ ಹೆಚ್ಚು ನಿಯಂತ್ರಿತವಾದದ್ದು.