ಸ್ಲೀವ್ ಮಾಡಿಸಬೇಕಾ, ಬೈಪಾಸ್ ಮಾಡಿಸಬೇಕಾ? ಎದೆ ಉರಿ ಇರೋರು ಮೊದಲು ನೋಡಬೇಕಾದ್ದು

ನೀವು ಬರೆದಿರೋದು: ಊರು ಚಿತ್ರದುರ್ಗದ ಹತ್ತಿರ, ವಯಸ್ಸು 38, ತೂಕ 112 ಕೆಜಿ, ಎತ್ತರ 160 ಸೆಂ.ಮೀ., ಶುಗರ್ ಇದೆ, ರಾತ್ರಿ ಮಲಗಿದರೆ ಎದೆ ಉರಿ, ಹುಳಿ ತೇಗು. ತೂಕ ಇಳಿಸೋ ಆಪರೇಷನ್‌ಗೆ ಡಾಕ್ಟರು ಸ್ಲೀವ್ (ಜಠರ ಕತ್ತರಿಸಿ ಸಣ್ಣದು ಮಾಡೋದು) ಅಂದಿದ್ದಾರೆ, ನೆಂಟರೊಬ್ಬರು ಬೈಪಾಸೇ (ಹೃದಯದ್ದಲ್ಲ, ಜಠರದ್ದು) ಒಳ್ಳೇದು ಅಂತಿದ್ದಾರೆ. ನಿಮ್ಮ ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅನ್ನೋ ಲೆಕ್ಕ) 44ರ ಹತ್ತಿರ ಬರುತ್ತೆ, ಹಾಗಾಗಿ ಯಾವ ಮಾರ್ಗಸೂಚಿ ಹಿಡಿದರೂ ಆಪರೇಷನ್‌ಗೆ ಅರ್ಹರೇ. ಯಾವುದು ಅನ್ನೋದನ್ನ ಮಾತ್ರ ಆ ಎದೆ ಉರಿ ನೋಡಿ ತೀರ್ಮಾನಿಸಬೇಕು.

ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನ, ಹೊರ ಅಂಚಿನ ಕಡೆಯಿಂದ, ಸ್ಟೇಪ್ಲರ್ ಹಾಕಿ ಕತ್ತರಿಸಿ ತೆಗೀತಾರೆ. ಉಳಿಯೋದು ಬಾಳೆಹಣ್ಣಿನ ಆಕಾರದ ಸಣ್ಣ ಕೊಳವೆ, 100-150 ಮಿ.ಲೀ. ಹಿಡಿಯುತ್ತೆ ಅಷ್ಟೆ. ಹಸಿವಿನ ಹಾರ್ಮೋನ್ ಗ್ರೆಲಿನ್ ಹೆಚ್ಚಾಗಿ ತಯಾರಾಗೋದು ಜಠರದ ಮೇಲ್ಭಾಗದಲ್ಲಿ. ಅದೂ ಹೋಗೋದರಿಂದ ಮೊದಲ ತಿಂಗಳುಗಳಲ್ಲಿ ಹಸಿವೇ ಕಮ್ಮಿ ಆಗುತ್ತೆ. ಆದರೆ ಕಿರಿದಾದ ಕೊಳವೆಯೊಳಗೆ ಒತ್ತಡ ಜಾಸ್ತಿ, ಆಸಿಡ್ ಮೇಲಕ್ಕೆ ನುಗ್ಗುತ್ತೆ. ಮೊದಲೇ ಎದೆ ಉರಿ ಇದ್ದವರಿಗೆ ಅದು ಇನ್ನೂ ಜೋರಾಗಬಹುದು. ಕೆಲವರು ವರ್ಷಗಳಾದ ಮೇಲೆ ಇದೇ ಕಾರಣಕ್ಕೆ ಬೈಪಾಸ್‌ಗೆ ಬದಲಾಯಿಸಿಕೊಳ್ತಾರೆ.

ರೂ-ಆನ್-ವೈ ಬೈಪಾಸ್‌ನಲ್ಲಿ ಏನನ್ನೂ ತೆಗೆಯಲ್ಲ. ಜಠರದ ಮೇಲ್ತುದಿಯಲ್ಲಿ 30 ಮಿ.ಲೀ.ನ ಪುಟ್ಟ ಚೀಲ ಬೇರೆ ಮಾಡಿ, ಅದಕ್ಕೆ ಸಣ್ಣ ಕರುಳನ್ನ ಜೋಡಿಸ್ತಾರೆ. ಪಿತ್ತರಸ ಸುಮಾರು ಒಂದು ಮೀಟರ್ ಕೆಳಗೆ ಬಂದು ಊಟಕ್ಕೆ ಸೇರುತ್ತೆ. ಹೀಗಾಗಿ ಎದೆ ಉರಿ ಸಾಮಾನ್ಯವಾಗಿ ಇಳಿಯುತ್ತೆ. ಊಟ ಬೇಗ ಕೆಳಗಿನ ಕರುಳಿಗೆ ತಲುಪೋದರಿಂದ ಇನ್ಸುಲಿನ್ ಹೆಚ್ಚಿಸೋ ಜಿಎಲ್‌ಪಿ-1 ಹಾರ್ಮೋನ್ ಜಾಸ್ತಿ ಬರುತ್ತೆ, ತೂಕ ಇಳಿಯೋದಕ್ಕಿಂತ ಮೊದಲೇ, ಕೆಲವೇ ದಿನಗಳಲ್ಲಿ, ಶುಗರ್ ಇಳಿಯೋಕೆ ಶುರುವಾಗುತ್ತೆ. ನಷ್ಟ ಏನು ಅಂದ್ರೆ ವಿಟಮಿನ್ ಬಿ12, ಕಬ್ಬಿಣ, ಕ್ಯಾಲ್ಸಿಯಂ ಸರಿಯಾಗಿ ಹೀರಲ್ಲ, ಮಾತ್ರೆ ಜೀವನಪೂರ್ತಿ ಬೇಕು. ಸಿಹಿ ಜಾಸ್ತಿ ತಿಂದರೆ ಡಂಪಿಂಗ್ ಆಗುತ್ತೆ: ಎದೆ ಬಡಿತ, ಬೆವರು, ಭೇದಿ.

ಬೈಪಾಸ್‌ನ ಇನ್ನೊಂದು ಬಗೆ ಮಿನಿ ಬೈಪಾಸ್‌ನಲ್ಲಿ ಕರುಳಿನ ಜೋಡಣೆ ಎರಡು ಕಡೆ ಬದಲು ಒಂದೇ ಕಡೆ, ಬೇಗ ಮುಗಿಯುತ್ತೆ, ಶುಗರ್‌ಗೂ ಒಳ್ಳೇದು. ಆದರೆ ಪಿತ್ತರಸ ಮೇಲಕ್ಕೆ ಬರಬಹುದು, ನಿಮ್ಮಂಥವರಿಗೆ ಅದು ನನ್ನ ಮೊದಲ ಆಯ್ಕೆ ಅಲ್ಲ. ಜಠರದೊಳಗೆ ಇಡೋ ಬಲೂನ್ ಆರು ತಿಂಗಳಿಗೆ ತೆಗೀಬೇಕು, ತೆಗೆದ ಮೇಲೆ ತೂಕ ವಾಪಸ್ ಬರೋದೇ ಹೆಚ್ಚು. ಜಠರದ ಸುತ್ತ ಬಿಗಿಯೋ ಬ್ಯಾಂಡ್ ಈಗ ಬಹುತೇಕ ಯಾರೂ ಹಾಕಲ್ಲ.

ಹಾಗಾಗಿ ಮೊದಲು ಎಂಡೋಸ್ಕೋಪಿ ಮಾಡಿಸಿ, ದಾವಣಗೆರೆಯಲ್ಲೇ ಆಗುತ್ತೆ. ಹಯಾಟಸ್ ಹರ್ನಿಯಾ (ಜಠರದ ಮೇಲ್ಭಾಗ ಎದೆಯೊಳಗೆ ಜಾರಿರೋದು) ಇದೆಯಾ, ಅನ್ನನಾಳದಲ್ಲಿ ಹುಣ್ಣಿದೆಯಾ ಅಂತ ರಿಪೋರ್ಟ್ ನೋಡಿ. ಇದ್ದರೆ ಸ್ಲೀವ್ ಯಾಕೆ ಅಂತ ಡಾಕ್ಟರನ್ನ ನೇರವಾಗಿ ಕೇಳಿ. ಏನೂ ಇಲ್ಲ ಅಂದ್ರೆ ಸ್ಲೀವ್ ಬಗ್ಗೆ ಇನ್ನೂ ಮಾತಾಡಬಹುದು. ಗೊರಕೆ ಜೋರಿದ್ದರೆ ನಿದ್ರೆಯಲ್ಲಿ ಉಸಿರು ನಿಲ್ಲುತ್ತಾ ಅಂತ ನೋಡೋ ಪರೀಕ್ಷೆಯೂ ಬೇಕು. ಬೀಡಿ, ಸಿಗರೇಟು ಕನಿಷ್ಠ ಆರು ವಾರ ಮೊದಲೇ ಬಿಡಬೇಕು. ಬೈಪಾಸ್ ಆದರೆ ಮತ್ತೆ ಮುಟ್ಟಲೇಬಾರದು, ಜೋಡಣೆಯಲ್ಲೇ ಹುಣ್ಣಾಗುತ್ತೆ.

ಆಪರೇಷನ್ ಬೆಂಗಳೂರಲ್ಲಾದರೆ ಡಿಸ್ಚಾರ್ಜ್ ಆದ ತಕ್ಷಣ ಬಸ್ ಹತ್ತಬೇಡಿ. ಹತ್ತು ದಿನ ಆಸ್ಪತ್ರೆಗೆ ಅರ್ಧ ಗಂಟೆ ದೂರದಲ್ಲೇ ಇರಿ. ಸ್ಟೇಪಲ್ ಸಾಲು ಸೋರೋದು ಅಪರೂಪ, ಆದರೆ ಸೋರಿದರೆ ಮನೆಗೆ ಬಂದ ಮೇಲೇ ಗೊತ್ತಾಗೋದು ಹೆಚ್ಚು. ಸುಮ್ಮನೆ ಕೂತಾಗಲೂ ನಾಡಿ 120 ದಾಟಿದರೆ, ಜ್ವರ, ಎಡ ಭುಜದ ನೋವು, ಏದುಸಿರು ಬಂದರೆ ಗ್ಯಾಸ್ ಅಂತ ಕಾಯಬೇಡಿ, ಆಸ್ಪತ್ರೆಗೆ ಓಡಿ. ಮೀನಖಂಡ ಊದಿ ನೋವಾದರೂ ಅಷ್ಟೇ, ರಕ್ತ ಹೆಪ್ಪುಗಟ್ಟಿರಬಹುದು.

ಊಟದ ವಿಷಯದಲ್ಲಿ ನಮ್ಮ ಕಡೆಯವರು ಎಡವೋದು ಮುದ್ದೆಯಲ್ಲಿ. ಮುದ್ದೆ ಅಗಿಯಲ್ಲ, ನುಂಗ್ತೀವಿ. ಆಪರೇಷನ್ ಆದ ಮೇಲೆ ಆ ತುತ್ತು ಕಿರಿದಾದ ಜಾಗದಲ್ಲಿ ಸಿಕ್ಕಿಕೊಂಡು ಎದೆ ಹಿಂಡಿದಂಗಾಗಿ ವಾಂತಿ ಆಗುತ್ತೆ. ಎರಡು ವಾರ ಬರೀ ದ್ರವ, ಇನ್ನೆರಡು ವಾರ ನುಣ್ಣಗೆ ರುಬ್ಬಿದ್ದು, ಆಮೇಲೆ ಮೆತ್ತಗಿನದು. ತೆಳ್ಳಗಿನ ರಾಗಿ ಅಂಬಲಿ, ಸೋಸಿದ ಬೇಳೆಕಟ್ಟು, ಮಜ್ಜಿಗೆ ನಡೆಯುತ್ತೆ. ದಿನಕ್ಕೆ 60 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಇರೋದು 6 ಗ್ರಾಂ, ಲೋಟ ಹಾಲಿನಲ್ಲಿ ಸುಮಾರು ಅಷ್ಟೇ, ಅದಕ್ಕೇ ಮೊದಲ ತಿಂಗಳು ಪ್ರೋಟೀನ್ ಪುಡಿ ಬೇಕಾಗುತ್ತೆ. ನೀರು ಊಟದ ಜೊತೆ ಬೇಡ, ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ.

ವರ್ಷ ಕಳೆದ ಮೇಲೆ ತೂಕ ವಾಪಸ್ ತರೋದು ಮಂಡಕ್ಕಿ. ಬಾಯಲ್ಲೇ ಕರಗಿ ಕೆಳಗಿಳಿಯುತ್ತೆ, ಹೊಟ್ಟೆ ತುಂಬಿದ್ದೇ ಗೊತ್ತಾಗಲ್ಲ, ಜೊತೆಗೆ ಮಿರ್ಚಿಯ ಎಣ್ಣೆ ಬೇರೆ. ಬೆಣ್ಣೆ ದೋಸೆಯೂ ಹಂಗೇ.

ದಿನಗಟ್ಟಲೆ ವಾಂತಿ ಆಗ್ತಿದ್ದರೆ ವಿಟಮಿನ್ ಬಿ1 ಇಂಜೆಕ್ಷನ್ ಬೇಕಾ ಅಂತ ಕೇಳಿ. ಅದರ ಕೊರತೆಯಿಂದ ಕಣ್ಣು ಮಂಜಾಗಿ, ನಡಿಗೆ ತಪ್ಪಿ, ಮೆದುಳಿಗೇ ಏಟು ಬೀಳುತ್ತೆ. ಗ್ಲೂಕೋಸ್ ಡ್ರಿಪ್ ಹಾಕೋಕೆ ಮೊದಲು ಬಿ1 ಕೊಡಬೇಕು ಅಂತ ಊರಿನ ಡಾಕ್ಟರಿಗೂ ಹೇಳಿಡಿ. ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂಗೂ ಎರಡು ಗಂಟೆ ಅಂತರ ಇರಲಿ. ಬೈಪಾಸ್ ಆದ ಮೇಲೆ ಮಂಡಿ ನೋವಿಗೆ ಮೆಡಿಕಲ್ ಶಾಪಿನಲ್ಲಿ ಡೈಕ್ಲೋಫೆನಾಕ್ ತಗೋಬೇಡಿ, ಪ್ಯಾರಾಸಿಟಮಾಲ್ ಸಾಕು. ಶುಗರ್ ಮಾತ್ರೆ, ಇನ್ಸುಲಿನ್ ಹಳೇ ಡೋಸಲ್ಲೇ ಮುಂದುವರಿಸಿದರೆ ಮೊದಲ ವಾರದಲ್ಲೇ ಲೋ ಶುಗರ್ ಆಗಬಹುದು. ಡಿಸ್ಚಾರ್ಜ್ ಚೀಟಿಯಲ್ಲಿ ಹೊಸ ಡೋಸ್ ಬರೆಸಿಕೊಂಡೇ ಹೊರಡಿ.